ಕೀಳುವ ಮುನ್ನ ಕೇಳು

ಪುಟ್ಟೀ, ನಿನ್ನೆ ರಾತ್ರಿ ನೀನು ಕಳಿಸಿದ ಎಕ್ಸ್‌-ರೇ ನೋಡಿದೆ. ಇಪ್ಪತ್ತಾರರ ಹುಡುಗಿ, ಮೇಲಿನ ಮುಂದಿನ ಹಲ್ಲು. ನೋವಿಲ್ಲ, ಹುಳುಕಿಲ್ಲ, ಆದರೂ ಬೇರು ಕರಗುತ್ತಿದೆ. ‘ಕಾರಣವೇ ಸಿಗ್ತಿಲ್ಲ ಅಜ್ಜ, ಕಿತ್ತು ಇಂಪ್ಲಾಂಟ್ ಹಾಕಿಬಿಡಲಾ?’ ಅಂತ ಕೇಳಿದ್ದೀಯ. ನಿನ್ನ ಕೈ ಚುರುಕು, ನನಗೆ ಗೊತ್ತು. ಚಿಕ್ಕಂದಿನಲ್ಲಿ ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುವಷ್ಟು ತಾಳ್ಮೆಯೂ ನಿನಗಿರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ಯಬೇಡ.

ಮೊದಲು ಅವಳ ಜೊತೆ ಹತ್ತು ನಿಮಿಷ ಕೂತು ಮಾತಾಡು. ‘ಏಟು ಬಿದ್ದಿತ್ತಾ?’ ಅಂದರೆ ಎಲ್ಲರೂ ಇಲ್ಲ ಅಂತಲೇ ಹೇಳೋದು. ಸೈಕಲ್ ಕಲಿಯುವಾಗ ಬಿದ್ದದ್ದು, ಬೋರ್‌ವೆಲ್ ಹ್ಯಾಂಡಲ್ ಬಾಯಿಗೆ ಬಡಿದದ್ದು ಇಷ್ಟು ವರ್ಷದ ಮೇಲೆ ಯಾರಿಗೆ ನೆನಪಿರುತ್ತೆ? ಅವಳ ಅಮ್ಮನನ್ನು ಕೇಳು. ಕ್ಲಿಪ್ ಹಾಕಿಸಿದ್ದಳಾ, ಬಣ್ಣಗೆಟ್ಟ ಹಲ್ಲಿಗೆ ಒಳಗಿನಿಂದ ಬ್ಲೀಚ್ ಮಾಡಿಸಿದ್ದಳಾ, ಕೇಳು. ಆಸ್ಟ್ರೇಲಿಯದ ದಂತವೈದ್ಯ ಹೀದರ್ಸೇ 1999ರಲ್ಲಿ ಹೀಗೆ ಹೊರಗಿನಿಂದ ಕರಗಿದ 222 ರೋಗಿಗಳ 257 ಹಲ್ಲುಗಳ ಲೆಕ್ಕ ಮುಂದಿಟ್ಟಾಗ ಕಾರಣಗಳಲ್ಲಿ ಮೊದಲು ಬಂದದ್ದು ಕ್ಲಿಪ್ಪು, ಆಮೇಲೆ ಏಟು. ಯಾವ ಕಾರಣವೂ ಸಿಗದವರೂ ಅವರಲ್ಲಿದ್ದರು. ನಿನಗೂ ಸಿಗದಿದ್ದರೆ ಕಾರ್ಡಿನಲ್ಲಿ ಹಾಗೇ ಬರೆ, ಅದರಲ್ಲಿ ನಾಚಿಕೆಯೇನಿಲ್ಲ. ನಾಲ್ಕಾರು ಹಲ್ಲು ಒಟ್ಟಿಗೇ ಕರಗುತ್ತಿದ್ದರೆ ಮಾತ್ರ ಫಿಸಿಶಿಯನ್ ಹತ್ತಿರ ಕಳಿಸು.

ಆಮೇಲೆ ಪ್ರೋಬ್ ಹಿಡಿ. ವಸಡಿನಂಚಿನಲ್ಲಿ ಗುಲಾಬಿ ಚುಕ್ಕೆ ಕಂಡರೆ ಅದು ಹಲ್ಲಿನೊಳಗೆ ನುಗ್ಗಿದ ರಕ್ತನಾಳಗಳ ಬಣ್ಣ. ಹುಳುಕಾದರೆ ಮೊನೆ ನೆನೆದ ಬೆಲ್ಲಕ್ಕೆ ಚುಚ್ಚಿದ ಹಾಗೆ ಕಚ್ಚಿಕೊಳ್ಳುತ್ತದೆ. ಕರಗಿದ ಗುಳಿಯಲ್ಲಿ ತಳ ಗಟ್ಟಿ, ಅಂಚು ಚೂಪು, ಮುಟ್ಟಿದರೆ ರಕ್ತ. ಮೊನೆ ಎಳೆದರೆ ಕರ್ ಅಂತ ಸದ್ದು ಬರುತ್ತೆ. ಆ ಸದ್ದು ಒಮ್ಮೆ ಕಿವಿಗೆ ಬಿತ್ತೋ, ಜನ್ಮದಲ್ಲಿ ಮರೆಯಲ್ಲ.

ಒಂದೇ ಎಕ್ಸ್‌-ರೇ ನಂಬಿ ನಾನೊಬ್ಬ ಪಿಯುಸಿ ಹುಡುಗನ ಹಲ್ಲು ಕಳೆದಿದ್ದೇನೆ. ಒಳಗಿನಿಂದ ಕರಗುತ್ತಿದೆ ಅಂದುಕೊಂಡು ರೂಟ್ ಕೆನಾಲ್ ಮಾಡಿದೆ, ಅಚ್ಚುಕಟ್ಟಾಗಿಯೇ ಮಾಡಿದೆ. ಎರಡನೇ ಸಂಕ್ರಾಂತಿಗೆ ಕಬ್ಬು ಸಿಗಿಯುವಾಗ ಹಲ್ಲು ಕತ್ತಿನಲ್ಲೇ ಮುರಿಯಿತು. ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದ. ಬಿಚ್ಚಿ ನೋಡಿದರೆ ಹೊರಗಿನಿಂದ ಕೊರೆದ ಗುಳಿ, ನಾನು ತುಂಬಿದ ದಾರಿಯವರೆಗೂ ಬಂದಿತ್ತು. ಒಳಗಿನಿಂದ ಕರಗುವಾಗ ಆ ಜೀವಕೋಶಗಳಿಗೆ ಅನ್ನ ಪಲ್ಪಿನ ರಕ್ತ. ಪಲ್ಪ್ ತೆಗೆದರೆ ಉಪವಾಸ ಬಿದ್ದು ನಿಲ್ಲುತ್ತವೆ. ಹೊರಗಿನಿಂದ ಕರಗುವುದಕ್ಕೆ ಊಟ ಬರುವುದೇ ಹೊರಗಿನಿಂದ. ಬರೀ ರೂಟ್ ಕೆನಾಲ್ ಅದನ್ನು ಏನು ಮಾಡೀತು?

ಅದಕ್ಕೇ ಕೋನ ಬದಲಿಸಿ ಇನ್ನೊಂದು ಎಕ್ಸ್‌-ರೇ ತೆಗಿ. ಗುಳಿಯ ನೆರಳು ಕೆನಾಲ್‌ನಿಂದ ಆಚೆ ಸರಿದರೆ ಹೊರಗಿನದು, ಕೆನಾಲ್ ಜೊತೆಗೇ ಉಳಿದರೆ ಒಳಗಿನದು. ಎಷ್ಟು ಆಳ, ಎಷ್ಟು ಸುತ್ತು ಅನ್ನೋದಕ್ಕೆ ಈಗ ಸಿಬಿಸಿಟಿ ಅನ್ನೋ ಮೂರು ಆಯಾಮದ ಸ್ಕ್ಯಾನ್ ಇದೆ. ನಮ್ಮ ಕಾಲದಲ್ಲಿ ಇರಲಿಲ್ಲ, ನಿನಗಿದೆ, ಬಳಸು.

ಹೊರಗಿನದು, ಸಣ್ಣದು ಅಂತಾದರೆ ವಸಡು ಸರಿಸಿ, ಅಕ್ಕಪಕ್ಕಕ್ಕೆ ಗ್ಲಿಸರಿನ್ ಸವರಿ, ಟ್ರೈಕ್ಲೋರೊಅಸೆಟಿಕ್ ಆಸಿಡ್ ಮುಟ್ಟಿಸಿ, ಕೆರೆದು ಸಿಮೆಂಟ್ ತುಂಬು. ಗುಳಿ ಎಷ್ಟು ಹರಡಿದೆ ಅನ್ನೋದರ ಮೇಲೆ ಹೀದರ್ಸೇ ಮಾಡಿದ ನಾಲ್ಕು ದರ್ಜೆಗಳಲ್ಲಿ, ಅವರ ಕೈಯಲ್ಲಿ ಮೊದಲೆರಡು ದರ್ಜೆಯ ಹಲ್ಲುಗಳೆಲ್ಲ ಉಳಿದವು. ಮೂರನೆಯದರಲ್ಲಿ ನೂರಕ್ಕೆ 78ರಷ್ಟು. ನಾಲ್ಕನೆಯದರಲ್ಲಿ ಬರೀ 12.5. ಅಷ್ಟು ದೂರ ಹೋಗಿದ್ದರೆ ನೋವಿಲ್ಲದ ಹಲ್ಲನ್ನು ಕೆದಕದೆ ಕಾಯುವುದೂ ಚಿಕಿತ್ಸೆಯೇ, ಕಂದಾ. ಹುಡುಗಿಗೆ ಬಿಡಿಸಿ ಹೇಳು, ಆರು ತಿಂಗಳಿಗೊಮ್ಮೆ ಕರೆಸು. ಇಂಪ್ಲಾಂಟ್ ಎಲ್ಲಿಗೂ ಓಡಿಹೋಗಲ್ಲ. ಕಿತ್ತ ಹಲ್ಲು ವಾಪಸ್ ಬರಲ್ಲ.

ಎರಡನೇ ಎಕ್ಸ್‌-ರೇ ತೆಗೆದು ಭಾನುವಾರ ಬಾ. ಅವಳ ಅಮ್ಮ ಏನು ಹೇಳಿದರು ಅನ್ನೋದನ್ನೂ ಬರೆದುಕೊಂಡು ಬಾ.