ಕ್ಯಾನ್ಸರ್ ಮತ್ತು ಚಯಾಪಚಯ: ಅನ್ನಪೂರ್ಣಿ ರಂಗರಾಜನ್ ಅವರ ಪ್ರಬಂಧಗಳು

ಸಂಶೋಧಕರ ಸಾಧನೆಯನ್ನು ಪ್ರಬಂಧಗಳ ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಒಂದೇ ಪ್ರಶ್ನೆಯನ್ನು ಅವು ಎಷ್ಟು ಆಳಕ್ಕೆ ಒಯ್ದಿವೆ ಎಂದು ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನ್ನಪೂರ್ಣಿ ರಂಗರಾಜನ್ ಅವರ ಸ್ತನ ಕ್ಯಾನ್ಸರ್ ಸಂಶೋಧನೆ ಇದಕ್ಕೆ ಒಳ್ಳೆಯ ನಿದರ್ಶನ. ಸುತ್ತಲಿನ ಅಂಗಾಂಶದ ಆಸರೆಯಿಂದ ಕಳಚಿದ ಸಾಮಾನ್ಯ ಜೀವಕೋಶ ಸಾಯುತ್ತದೆ, ಇದೇ ಅನೋಯ್ಕಿಸ್. ಕ್ಯಾನ್ಸರ್ ಕೋಶ ಮಾತ್ರ ಬದುಕುಳಿದು ದೇಹದಲ್ಲಿ ಹರಡುತ್ತದೆ. ಶಕ್ತಿ ಒದಗಿಸುವ ಅಣುವಾದ ಎಟಿಪಿ ಕುಸಿದಾಗ ಎಚ್ಚೆತ್ತು ಕೋಶದ ಶಕ್ತಿವ್ಯಯ ತಗ್ಗಿಸುವ ಎಎಂಪಿಕೆ ಕಿಣ್ವ ಇದಕ್ಕೆ ನೆರವಾಗುತ್ತದೆಂದು ಅವರ ತಂಡ 2014ರಲ್ಲಿ 'ಬ್ರೆಸ್ಟ್ ಕ್ಯಾನ್ಸರ್ ರಿಸರ್ಚ್' ಪತ್ರಿಕೆಯಲ್ಲಿ ತೋರಿಸಿತು. 2018ರ 'ಕ್ಯಾನ್ಸರ್ ರಿಸರ್ಚ್' ಪ್ರಬಂಧ ಇನ್ನೂ ಮುಂದೆ ಹೋಯಿತು: ಕೋಶ ಕಳಚಿದಾಗ ಎಎಂಪಿಕೆಯು, ಬೆಳವಣಿಗೆಗೆ ಒತ್ತು ಕೊಡುವ ಎಕೆಟಿ ಎಂಬ ಕಿಣ್ವವನ್ನು ಅದುಮುತ್ತದೆ, ಮರಳಿ ಅಂಟಿದಾಗ ಎಕೆಟಿಯು ಎಎಂಪಿಕೆಯನ್ನು.

ಎಎಂಪಿಕೆ ಗೆಡ್ಡೆಯನ್ನು ತಡೆಯುವ ಕಿಣ್ವವಲ್ಲವೇ ಎಂದು ಕೇಳಬಹುದು. ಅದೂ ನಿಜ; ಪಾತ್ರ ನಿರ್ಧಾರವಾಗುವುದು ಕೋಶದ ಸ್ಥಿತಿಯಿಂದ. ಇದೆಲ್ಲ ಪ್ರಯೋಗಾಲಯದ ಮಾತು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಎಂಪಿಕೆಯನ್ನು ಚುರುಕುಗೊಳಿಸುವ ಮಧುಮೇಹದ ಔಷಧ ಮೆಟ್‌ಫಾರ್ಮಿನ್, 2022ರಲ್ಲಿ ಪ್ರಕಟವಾದ ಎಂಎ.32 ಎಂಬ ಚಿಕಿತ್ಸಾ ಪರೀಕ್ಷೆಯಲ್ಲಿ ಮಧುಮೇಹವಿಲ್ಲದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಫಲ ನೀಡಲಿಲ್ಲ. ಹಾಗಾಗಿಯೇ ಮೂಲ ಸಂಶೋಧನೆ ಮುಂದುವರಿಯಬೇಕು.