ಸಭೆಯಲ್ಲಿ ನಾಯಕತ್ವದ ಮಾದರಿಗಳು

ನಾಯಕನೆಂಬ ಮಾತನ್ನು ಕೇಳಿದೊಡನೆ ಪೀಠವೂ ಅಧಿಕಾರವೂ ನಮ್ಮ ಮನಸ್ಸಿಗೆ ಬರುವುವು. ಯೇಸುಸ್ವಾಮಿಯು ಕಲಿಸಿದ ಪಾಠವಾದರೋ ಬೇರೆ. ಗುರುವಾದ ಆತನೇ ಕೈವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನು. ಸೇವೆಯೇ ಸಭಾನಾಯಕರಿಗೆ ಮೊದಲನೆಯ ಮಾದರಿ.

ಎರಡನೆಯದು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿದೆ. ದಿನದ ಆಹಾರವನ್ನು ಹಂಚುವಾಗ ಕೆಲವು ವಿಧವೆಯರನ್ನು ಅಲಕ್ಷ್ಯಮಾಡುತ್ತಿದ್ದಾರೆಂಬ ದೂರು ಹುಟ್ಟಿತು. ಅಪೊಸ್ತಲರು ಆ ಕೆಲಸವನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳದೆ, ಏಳು ಮಂದಿಯನ್ನು ಆರಿಸುವಂತೆ ಸಭೆಗೆ ತಿಳಿಸಿ, ಅವರ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಿದರು. ಸೇವೆಮಾಡುವುದು ಒಂದು ಗುಣ. ಆ ಸೇವೆಯನ್ನು ಮತ್ತೊಬ್ಬರಿಗೆ ಒಪ್ಪಿಸುವುದು ಅದಕ್ಕಿಂತಲೂ ಕಠಿನವಾದ ಗುಣ.

ಇವೆರಡನ್ನೂ ನಮ್ಮ ಕೋಲಾರದ ಚರಿತ್ರೆಯಲ್ಲಿಯೇ ಕಾಣಬಹುದು. 1876–78ರ ಧಾತು ಈಶ್ವರ ಕ್ಷಾಮದಿಂದ ಮೈಸೂರು ಸಂಸ್ಥಾನವು ತತ್ತರಿಸಿತು. 1871ರಲ್ಲಿ ಸುಮಾರು 50 ಲಕ್ಷವಾಗಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕಾಲದಲ್ಲಿ ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆಯು ತಬ್ಬಲಿ ಮಕ್ಕಳನ್ನು ಕೋಲಾರದಲ್ಲಿ ಸೇರಿಸಿಕೊಂಡು ಪೋಷಿಸಿದರು. 1890ರಲ್ಲಿ ಆಕೆಯು ತಾನು ಕಟ್ಟಿದ ಕೆಲಸವನ್ನು ಅಮೆರಿಕಾದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದರು. ಬೇರೆ ಹೆಸರಿನಲ್ಲಿಯಾದರೂ ಕೆಲಸವು ಬಾಳಿತು. 1910ರಲ್ಲಿ ಆ ಮಿಷನ್ನಿನವರಿಂದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯು ಇಲ್ಲಿ ತೆರೆಯಲ್ಪಟ್ಟಿತು. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯು ಸ್ವಾಯತ್ತವಾಗಿ, ಆಡಳಿತವು ಈ ದೇಶದವರ ಹೊಣೆಯೇ ಆಯಿತು.

ಒಬ್ಬರು ಕುರ್ಚಿಯನ್ನು ಬಿಟ್ಟೊಡನೆ ನಿಂತುಹೋಗುವ ಕೆಲಸವನ್ನು ಸಭೆಯ ಕೆಲಸವೆನ್ನಬಹುದೇ? ಹಿರಿಯರು ಪದವಿಯನ್ನು ಬಿಗಿಹಿಡಿದಲ್ಲಿ ಕಿರಿಯರು ಕಲಿಯುವುದಿಲ್ಲ. ಕಲಿಯದವರಿಗೆ ಹೊಣೆಯನ್ನು ಹೇಗೆ ಕೊಡೋಣವೆಂದು ಆ ಹಿರಿಯರೇ ಬಳಿಕ ಕೇಳುತ್ತಾರೆ. ಸ್ತ್ರೀಯರ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಕೇಳಿಬರುತ್ತದೆ. ಆದರೆ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ, ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯನ್ನು ಆದರದಿಂದ ಹೆಸರಿಸಿ, ಆಕೆಗೆ ಸಹಾಯಮಾಡಬೇಕೆಂದು ಕೇಳಿಕೊಂಡಿದ್ದಾನೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರೇ, ನೀವು ನಡೆಸುವ ಸಂಡೇಸ್ಕೂಲಿನಲ್ಲಿಯೂ ಸ್ತ್ರೀಸಮಾಜದಲ್ಲಿಯೂ ಲೆಕ್ಕವಿಡುವುದನ್ನೂ ಪ್ರಾರ್ಥನೆ ನಡೆಸುವುದನ್ನೂ ಒಬ್ಬ ಕಿರಿಯ ಸಹೋದರಿಗೆ ಈ ವರ್ಷವೇ ಕಲಿಸಿರಿ. ತಾಯಿತಂದೆಗಳೇ, ಸಭೆಯಲ್ಲಿ ವೇದಪಾಠವನ್ನು ಓದಲು ನಿಮ್ಮ ಮಗಳನ್ನು ಕರೆದಾಗ ತಡೆಯಬೇಡಿರಿ. ಆಕೆ ಮೊದಲು ತಡವರಿಸಬಹುದು. ಹಾಗೆ ತಡವರಿಸುವುದಕ್ಕೆ ಎಡೆಕೊಡುವವರೇ ಒಳ್ಳೆಯ ನಾಯಕರು.