ಗರಗಸಕ್ಕೆ ಸಾಣೆ ಹಿಡಿಯುವ ಕ್ರಮ

ಸೊಲ್ಲಾಪುರ, ಅಕ್ಕಲಕೋಟಗಳ ಹೊಲದ ಬದುವಿನ ಜಾಲಿಮರವನ್ನು ಕೊಯ್ಯುವ ಯಂತ್ರಗರಗಸದ ಸರಪಳಿ ಮೊಂಡಾದರೆ, ಚಕ್ಕೆಗಳಿಗೆ ಬದಲಾಗಿ ಹಿಟ್ಟಿನಂಥ ಹುಡಿ ಉದುರುವುದು. ಆಗ ಬಲದಿಂದ ಒತ್ತುವುದು ಅಪಾಯಕರ; ಸಾಣೆ ಹಿಡಿಯುವುದೇ ಯೋಗ್ಯ.

ಸಾಣೆಯಂತ್ರದ ಮುಂದೆ ನಿಲ್ಲುವವನು ಮೊದಲು ಕಣ್ಣಿಗೆ ರಕ್ಷಕ ಕನ್ನಡಕವನ್ನು ಧರಿಸಬೇಕು. ಬಳಿಕ ಎಲ್ಲಕ್ಕಿಂತ ಗಿಡ್ಡವಾದ ಹಲ್ಲನ್ನು ಗುರುತಿಸಿ, ಉಳಿದವುಗಳನ್ನು ಅದರ ಅಳತೆಗೇ ತರಬೇಕು. ಹಲ್ಲುಗಳು ಅಸಮವಾದರೆ ಗರಗಸವು ಒಂದು ಮಗ್ಗುಲಿಗೆ ಎಳೆಯುವುದು. ಓರೆಯು ಸಾಮಾನ್ಯವಾಗಿ 30 ಅಂಶಗಳು. ಆದರೂ ಆಯಾ ಸರಪಳಿಗೆ ಹೇಳಿದ ಅಳತೆಯೇ ಪ್ರಮಾಣ. ಒಂದು ಮಗ್ಗುಲಿನ ಹಲ್ಲುಗಳನ್ನೆಲ್ಲ ಮುಗಿಸಿ ಇನ್ನೊಂದಕ್ಕೆ ತೊಡಗಬೇಕು.

ಚಕ್ರವನ್ನು ಹಲ್ಲಿಗೆ ಕ್ಷಣಮಾತ್ರ ಸೋಕಿಸಿ ತೆಗೆಯಬೇಕು. ಒತ್ತಿ ಹಿಡಿದರೆ ಉಕ್ಕು ಕಾದು ನೀಲಿಗಟ್ಟಿ ಹದಗೆಡುವುದು. ಕುಡುಗೋಲಿನ ಬಣ್ಣದಿಂದಲೇ ಹದವನ್ನರಿಯುವ ನಮ್ಮ ಕಂಬಾರನಿಗೆ ಇದು ಹೊಸ ಮಾತಲ್ಲ. ಸವೆದ ಅಂಚನ್ನು ಸಾಣೆಯು ಮರಳಿ ಕೊಡಬಲ್ಲದು. ಕೆಟ್ಟ ಹದವನ್ನು ಕೊಡಲಾರದು.